ಕೀನ್ಯಾದ ಕೌಂಟಿಗಳಲ್ಲಿ ಹೆಂಗಸರಿಗೆ, ಯುವಕರಿಗೆ ನಿಜವಾಗ್ಲೂ ಜಾಗ ಇದೆಯಾ?

ನಿಮ್ಮ ಪ್ರಶ್ನೆ ಇದು: ಕೀನ್ಯಾದ ಸಂವಿಧಾನದಲ್ಲಿ ಮೂರನೇ ಒಂದು ಪಾಲಾದರೂ ಹೆಂಗಸರು ಇರಬೇಕು ಅಂತ ಬರೆದಿದೆಯಂತೆ, ಯುವಕರ ಬಗ್ಗೆಯೂ ಇದೆಯಂತೆ. ಊರಿನ ಮಟ್ಟದಲ್ಲಿ ಅದು ನಡೆಯುತ್ತಿದೆಯಾ? ನಮ್ಮ ಪಂಚಾಯಿತಿ ಮೀಸಲಾತಿ ತರಾನೇನಾ?

ನಾನು ನೈರೋಬಿಗೆ ಬಂದು ಒಂಬತ್ತು ವರ್ಷವಾಯಿತು. ಲೆಕ್ಕಪತ್ರದ ಕೆಲಸ. ನನಗೆ ಇಲ್ಲಿ ಓಟಿಲ್ಲ. ಆದರೆ ಎರಡು ಚುನಾವಣೆ ಕಣ್ಣೆದುರೇ ಆಗಿದೆ, ಆಫೀಸಿನ ಚಹಾದ ಹೊತ್ತಿನಲ್ಲಿ ಬೇರೆ ಮಾತೇ ಇರುವುದಿಲ್ಲ. ನೋಡಿ ತಿಳಿದದ್ದನ್ನು ಹೇಳುತ್ತೇನೆ. ಹೆಂಗಸರ ವಿಷಯಕ್ಕೆ ನನ್ನ ಉತ್ತರ ಇಷ್ಟೇ: ಸೀಟು ಕೊಟ್ಟಿದ್ದಾರೆ, ವಾರ್ಡ್ ಕೊಟ್ಟಿಲ್ಲ.

ಹಾಗಂದರೆ ಏನು ಅಂತ ತಿಳಿಯಬೇಕಾದರೆ ಮೊದಲು ಕೌಂಟಿ ಅಂದರೇನು ಅಂತ ಗೊತ್ತಿರಬೇಕು. 2010ರ ಆಗಸ್ಟ್ 27ರಂದು ಇಲ್ಲಿ ಹೊಸ ಸಂವಿಧಾನ ಬಂತು. ದೇಶ 47 ಕೌಂಟಿಗಳಾಯಿತು. 2013ರ ಮಾರ್ಚ್ ಚುನಾವಣೆ ಮುಗಿದ ಮೇಲೆ ಅವು ಕೆಲಸ ಶುರು ಮಾಡಿದವು. ಒಂದೊಂದಕ್ಕೂ ಜನರೇ ಆರಿಸಿದ ಗವರ್ನರ್. ಹೆಸರು ಕೇಳಿ ನಮ್ಮ ರಾಜ್ಯಪಾಲರನ್ನು ನೆನೆಸಿಕೊಳ್ಳಬೇಡಿ. ಈತ ಜಿಲ್ಲೆಯಷ್ಟು ದೊಡ್ಡ ಜಾಗಕ್ಕೆ ಒಬ್ಬ ಸಣ್ಣ ಮುಖ್ಯಮಂತ್ರಿ. ಆಸ್ಪತ್ರೆ, ಕೃಷಿ, ನೀರು, ಒಳರಸ್ತೆ, ಮಾರುಕಟ್ಟೆ, ಚಿಕ್ಕ ಮಕ್ಕಳ ಶಾಲೆ ಎಲ್ಲ ಕೌಂಟಿಯದು. ದೇಶದ ಆದಾಯದಲ್ಲಿ ಕನಿಷ್ಠ ಶೇ 15ರಷ್ಟನ್ನು ಕೌಂಟಿಗಳಿಗೆ ಕೊಡಲೇಬೇಕು ಅಂತ ಸಂವಿಧಾನವೇ ಹೇಳುತ್ತದೆ. ಪ್ರತಿ ಕೌಂಟಿಗೂ ಒಂದು ಅಸೆಂಬ್ಲಿ ಇದೆ. ದೇಶದಲ್ಲಿ ಒಟ್ಟು 1,450 ವಾರ್ಡ್, ವಾರ್ಡಿಗೊಬ್ಬರು ಸದಸ್ಯರು. ಅವರನ್ನು ಎಂಸಿಎ ಅನ್ನುತ್ತಾರೆ. ಅದರ ಕೆಳಗೆ ನಮ್ಮ ಗ್ರಾಮ ಪಂಚಾಯಿತಿಯ ಹಾಗೆ ಓಟು ಹಾಕಿ ಆರಿಸುವ ಸಂಸ್ಥೆ ಯಾವುದೂ ಇಲ್ಲ. ಹಾಗಾಗಿ ಜನರ ಪಾಲಿಗೆ ಸರ್ಕಾರ ಅಂದರೆ ಎಂಸಿಎ. ಮೋರಿ ಕಟ್ಟಿದರೂ ಅವರೇ, ಸತ್ತವರ ಮನೆಗೆ ದುಡ್ಡು ಕೊಡಬೇಕಾದವರೂ ಅವರೇ.

ಈಗ ಹೆಂಗಸರ ಲೆಕ್ಕಕ್ಕೆ ಬರೋಣ. ಚುನಾಯಿತ ಸಂಸ್ಥೆಗಳಲ್ಲಿ ಗಂಡಸರಾಗಲಿ ಹೆಂಗಸರಾಗಲಿ ಮೂರನೇ ಎರಡಕ್ಕಿಂತ ಜಾಸ್ತಿ ಇರಬಾರದು ಅನ್ನುವುದು ನಿಯಮ. 2022ರ ಚುನಾವಣೆಯಲ್ಲಿ ವಾರ್ಡ್‌ಗಳಿಂದ ಗೆದ್ದ ಹೆಂಗಸರು 115. ಅದಕ್ಕೆ ಮುಂಚೆ 2017ರಲ್ಲಿ 96, 2013ರಲ್ಲಿ 82. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. 1,450ರಲ್ಲಿ 115 ತೆಗೆದರೆ 1,335 ಗಂಡಸರು. ಅವರ ಅರ್ಧದಷ್ಟಾದರೂ ಹೆಂಗಸರು ಬೇಕು, ಅಂದರೆ ಸುಮಾರು 667. ಗೆದ್ದವರನ್ನು ಕಳೆದರೆ ಐನೂರೈವತ್ತಕ್ಕೂ ಜಾಸ್ತಿ ಜನ ಕಡಿಮೆ ಬೀಳುತ್ತಾರೆ. ಕೌಂಟಿಯಿಂದ ಕೌಂಟಿಗೆ ಈ ಸಂಖ್ಯೆ ಬೇರೆ, ಆದರೆ ಅಂದಾಜು ಸಿಕ್ಕಿತಲ್ಲ.

ಈ ಐನೂರು ಚಿಲ್ಲರೆ ಜನ ಎಲ್ಲಿಂದ ಬರುತ್ತಾರೆ? ಚುನಾವಣೆ ಮುಗಿದ ಮೇಲೆ ಪಕ್ಷಗಳ ಪಟ್ಟಿಯಿಂದ. ಯಾವ ಪಕ್ಷ ಎಷ್ಟು ವಾರ್ಡ್ ಗೆದ್ದಿದೆಯೋ ಆ ಪ್ರಮಾಣದಲ್ಲಿ ಸೀಟು ಹಂಚುತ್ತಾರೆ. ಪಟ್ಟಿಯಲ್ಲಿ ಯಾರ ಹೆಸರು ಮೇಲೆ, ಯಾರದ್ದು ಕೆಳಗೆ ಅನ್ನುವುದು ಪಕ್ಷದ ದೊಡ್ಡವರಿಗೆ ಬಿಟ್ಟದ್ದು. ವರ್ಷಗಟ್ಟಲೆ ಬೀದಿ ಅಲೆದ ಕಾರ್ಯಕರ್ತೆಗೂ ಸಿಗುತ್ತದೆ, ಯಾರದೋ ನಾದಿನಿಗೂ ಸಿಗುತ್ತದೆ. ಪ್ರತಿ ಸಲವೂ ಈ ಪಟ್ಟಿಗಳು ಕೋರ್ಟ್ ಮೆಟ್ಟಿಲು ಹತ್ತುತ್ತವೆ.

ನಮ್ಮಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸ ಇದೇ. ಕರ್ನಾಟಕದಲ್ಲಿ ಮೀಸಲಾತಿ ಕ್ಷೇತ್ರದ ಮೇಲೆ ಬೀಳುತ್ತದೆ. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಕಾಲು ಭಾಗ ಹೆಂಗಸರಿಗಿತ್ತು, ಈಗ ಅರ್ಧ. ಆ ಸೀಟಿಗೆ ಗಂಡಸು ನಿಲ್ಲುವ ಹಾಗೇ ಇಲ್ಲ. ಹೌದು, ಗೆದ್ದ ಮೇಲೆ ಗಂಡನೇ ಕುರ್ಚಿಯಲ್ಲಿ ಕೂರುವ ಕಥೆ ನಮಗೆಲ್ಲ ಗೊತ್ತು. ಆದರೂ ಓಟು ಬಿದ್ದದ್ದು ಅವಳ ಹೆಸರಿಗೆ, ಬೀದಿ ದೀಪ ಕೆಟ್ಟರೆ ಜನ ಬೈಯುವುದೂ ಅವಳನ್ನೇ. ಕೀನ್ಯಾದಲ್ಲಿ ನಾಮನಿರ್ದೇಶನವಾದ ಸದಸ್ಯೆಗೆ ಸಂಬಳ ಇದೆ, ಸಮಿತಿಯಲ್ಲಿ ಜಾಗ ಇದೆ, ಮತ ಹಾಕುವ ಹಕ್ಕಿದೆ. ನನ್ನದು ಅನ್ನಲು ಒಂದು ವಾರ್ಡ್ ಮಾತ್ರ ಇಲ್ಲ. ವಾರ್ಡಿನ ಕೆಲಸಕ್ಕೆ ಅಂತ ಬರುವ ದುಡ್ಡಿನ ಮೇಲೆ ಹಿಡಿತವೂ ಇಲ್ಲ.

ಇಂಥವರಿಗೆ ಇಲ್ಲಿ ಒಂದು ಅಡ್ಡಹೆಸರಿದೆ, ಬೊಂಗಾ ಪಾಯಿಂಟ್ಸ್. ಮೊಬೈಲಿಗೆ ದುಡ್ಡು ಹಾಕಿ ಮಾತಾಡಿದರೆ ಕಂಪನಿ ಪುಕ್ಕಟೆಯಾಗಿ ಕೊಡುವ ಪಾಯಿಂಟ್‌ಗಳಿವೆಯಲ್ಲ, ಅವು. ಅಂದರೆ ಗಂಡಸರು ಗೆದ್ದದ್ದಕ್ಕೆ ಜೊತೆಗೆ ಬಂದವರು ಅನ್ನುವ ಕುಹಕ. ಒಮ್ಮೆ ಒಂದು ಮದುವೆಯಲ್ಲಿ ಇಂಥ ಒಬ್ಬ ಸದಸ್ಯೆಯ ಪಕ್ಕ ಕೂತಿದ್ದೆ. ಅಸೆಂಬ್ಲಿಯಲ್ಲಿ ಆಡಿಸಿಕೊಳ್ಳುವುದು ಅಭ್ಯಾಸವಾಗಿದೆಯಂತೆ. ಅವರಿಗೆ ಬೇಸರ ಇದ್ದದ್ದು ಬೇರೆ ವಿಷಯಕ್ಕೆ. ಊರಿನ ಹೆಂಗಸರು ನೀರಿನ ಪೈಪಿಗೆ ಅವರ ಹತ್ತಿರವೇ ಬರುತ್ತಾರೆ. ಅವರು ಹೋಗಿ ವಾರ್ಡಿನ ಸದಸ್ಯನನ್ನು ಕೇಳಬೇಕು. ಆತ ಕೊಡುವುದಿಲ್ಲ, ಯಾಕೆಂದರೆ ಮುಂದಿನ ಸಲ ಈಕೆ ತನ್ನ ವಿರುದ್ಧವೇ ನಿಂತರೆ?

ಹಾಗಂತ ಈ ವ್ಯವಸ್ಥೆ ದಂಡ ಅನ್ನಲಾರೆ. ಕೌಂಟಿ ಅಸೆಂಬ್ಲಿಗಳಲ್ಲಿ ಕೊರತೆ ತುಂಬುವ ದಾರಿಯನ್ನು ಸಂವಿಧಾನವೇ ಬರೆದಿಟ್ಟಿತು, ಅದಕ್ಕೇ ಅಲ್ಲಿ ತುಂಬಿತು. ಸಂಸತ್ತಿನ ವಿಷಯದಲ್ಲಿ ಗುರಿ ಹೇಳಿತು, ದಾರಿ ಹೇಳಲಿಲ್ಲ. 2015ರ ಆಗಸ್ಟ್ ಒಳಗೆ ಕಾನೂನು ಮಾಡಿ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿತ್ತು. ಸಂಸದರು ಮಾಡಲಿಲ್ಲ. ಮಸೂದೆ ಬಂದಾಗಲೆಲ್ಲ ಸದನದಲ್ಲಿ ಬೇಕಾದಷ್ಟು ಮತ ಸಿಗುವುದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ರೋಸಿಹೋಗಿ, ಸಂಸತ್ತನ್ನೇ ವಿಸರ್ಜಿಸಿ ಅಂತ ಅಧ್ಯಕ್ಷರಿಗೆ ಸಲಹೆ ಕೊಟ್ಟರು. ಅದೂ ಆಗಲಿಲ್ಲ.

ಗವರ್ನರ್‌ಗಳ ಕಥೆ ಸ್ವಲ್ಪ ಖುಷಿ ಕೊಡುತ್ತದೆ. ಅಲ್ಲಿ ಮೀಸಲಾತಿಯೇ ಇಲ್ಲ. 2013ರಲ್ಲಿ ಒಬ್ಬ ಹೆಂಗಸೂ ಗೆಲ್ಲಲಿಲ್ಲ. 2017ರಲ್ಲಿ ಮೂವರು, 2022ರಲ್ಲಿ ಏಳು. ಕ್ವಾಲೆಯ ಫಾತುಮಾ ಅಚಾನಿ ಹತ್ತು ವರ್ಷ ಉಪ ಗವರ್ನರ್ ಆಗಿದ್ದು ಆಮೇಲೆ ಗವರ್ನರ್ ಆದರು. ಹೋಮಾ ಬೇಯ ಗ್ಲ್ಯಾಡಿಸ್ ವಾಂಗಾ ಅದಕ್ಕೆ ಮುಂಚೆ ಸಂಸತ್ತಿನಲ್ಲಿ ಕೌಂಟಿಯ ಮಹಿಳಾ ಪ್ರತಿನಿಧಿಯಾಗಿದ್ದರು. ಮೀಸಲು ಸೀಟಿನಿಂದ ದೊಡ್ಡ ಸೀಟಿಗೆ ಹತ್ತಬಹುದು ಅನ್ನುವುದಕ್ಕೆ ಅವರೇ ಸಾಕ್ಷಿ. ಆದರೆ ಮೇರುವಿನ ಕವೀರಾ ಮ್ವಾಂಗಾಜಾ ಅವರನ್ನೂ ನೋಡಿ. ಸ್ವತಂತ್ರವಾಗಿ ನಿಂತು ಗೆದ್ದರು. ಅವರ ಅಸೆಂಬ್ಲಿ ಎರಡು ವರ್ಷದಲ್ಲಿ ಮೂರು ಸಲ ಅವರನ್ನು ಇಳಿಸಲು ನೋಡಿತು. ಎರಡು ಸಲ ಸೆನೆಟ್, ಅಂದರೆ ಸಂಸತ್ತಿನ ಮೇಲ್ಮನೆ, ಉಳಿಸಿತು. 2024ರ ಆಗಸ್ಟಿನಲ್ಲಿ ಸೆನೆಟ್ಟೇ ಇಳಿಸಿತು, 2025ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವರ ತಪ್ಪೆಷ್ಟು, ಹೆಂಗಸು ಅನ್ನುವುದೆಷ್ಟು, ಹಿಂದೆ ಪಕ್ಷ ಇಲ್ಲದಿದ್ದದ್ದೆಷ್ಟು ಅನ್ನುವುದರ ಬಗ್ಗೆ ನಮ್ಮ ಆಫೀಸಿನಲ್ಲಿ ಇಬ್ಬರು ಮೇರುವಿನವರೇ ಇನ್ನೂ ಜಗಳವಾಡುತ್ತಾರೆ.

ಯುವಕರ ವಿಷಯಕ್ಕೆ ಬಂದರೆ ಇಲ್ಲಿ ಕಾನೂನಿನ ಪ್ರಕಾರ 18 ತುಂಬಿ 35 ಆಗದವರು ಯುವಕರು. ಅಸೆಂಬ್ಲಿಯ ವಿಶೇಷ ಸೀಟುಗಳಲ್ಲಿ ಅವರಿಗೂ ಪಾಲಿದೆ. ಅಪರೂಪಕ್ಕೆ ಮಿಂಚುವವರೂ ಇದ್ದಾರೆ: 2022ರಲ್ಲಿ ಲಿನೆಟ್ ಚೆಪ್‌ಕೊರಿರ್ 24ನೇ ವಯಸ್ಸಿಗೇ ಬೊಮೆಟ್‌ನ ಮಹಿಳಾ ಪ್ರತಿನಿಧಿಯಾಗಿ ಸಂಸತ್ತಿಗೆ ಹೋದರು. ಆದರೆ ಇಲ್ಲಿನ ಹುಡುಗ ಹುಡುಗಿಯರು ತಮ್ಮ ಶಕ್ತಿ ತೋರಿಸಿದ್ದು ಸೀಟಿನಲ್ಲಿ ಕೂತಲ್ಲ. 2024ರ ಜೂನಿನಲ್ಲಿ ತೆರಿಗೆ ಏರಿಸುವ ಹಣಕಾಸು ಮಸೂದೆ ಬಂದಾಗ ಅದನ್ನು ಸಾಲು ಸಾಲಾಗಿ ಓದಿ, ಟಿಕ್‌ಟಾಕಿನಲ್ಲಿ ತಮ್ಮ ತಮ್ಮ ಭಾಷೆಯಲ್ಲಿ ವಿವರಿಸಿದರು. ನಮಗೆ ನಾಯಕರಿಲ್ಲ, ಪಕ್ಷ ಇಲ್ಲ, ಬುಡಕಟ್ಟಿಲ್ಲ ಅಂದರು. 25ರಂದು ಸಂಸತ್ತಿಗೇ ನುಗ್ಗಿದರು. ಗುಂಡು ಹಾರಿತು, ಜನ ಸತ್ತರು. ಮಾರನೇ ದಿನ ಅಧ್ಯಕ್ಷ ರುಟೊ ಮಸೂದೆಗೆ ಸಹಿ ಹಾಕುವುದಿಲ್ಲ ಅಂದರು. ಆ ವಾರ ನಾವು ಆಫೀಸಿಗೆ ಹೋಗಲಿಲ್ಲ.

ಲೆಕ್ಕದವನಾಗಿ ನನಗೆ ಹೊಳೆದದ್ದು ಇನ್ನೊಂದು. ಜೂನಿನಲ್ಲಿ ಕೂಗಿದ್ದು ದೇಶದ ತೆರಿಗೆಯ ಬಗ್ಗೆ. ತಮ್ಮದೇ ವಾರ್ಡಿನ ರಸ್ತೆ, ಬಾವಿ, ಔಷಧಿ ಅಷ್ಟರಲ್ಲಾಗಲೇ ಕಾಗದದ ಮೇಲೆ ಇರುತ್ತದೆ. ಇಲ್ಲಿ ಹಣಕಾಸಿನ ವರ್ಷ ಜುಲೈಗೆ ಶುರು. ಮುಂದಿನ ವರ್ಷ ಏನು ಕೆಲಸ ಅನ್ನುವ ಯೋಜನೆಯನ್ನು ಕೌಂಟಿ ಹಿಂದಿನ ಸೆಪ್ಟೆಂಬರ್ 1ರೊಳಗೆ ಅಸೆಂಬ್ಲಿಗೆ ಕೊಡಬೇಕು. ಯಾವ ಇಲಾಖೆಗೆ ಎಷ್ಟು ಅನ್ನುವುದು ಫೆಬ್ರುವರಿ 28ಕ್ಕೆ. ಪೂರ್ತಿ ಅಂದಾಜು ಪಟ್ಟಿ ಏಪ್ರಿಲ್ 30ಕ್ಕೆ. ಈ ಹಂತಗಳಲ್ಲಿ ಜನರನ್ನು ಕೇಳಲೇಬೇಕು ಅನ್ನುವುದು ಕಾನೂನು. ಬಾಯಿಮಾತಿಗಲ್ಲ: ಜನರ ಮಾತು ಸರಿಯಾಗಿ ಕೇಳಲಿಲ್ಲ ಅಂತ 2023ರ ಹಣಕಾಸು ಕಾಯ್ದೆಯನ್ನೇ ಮೇಲ್ಮನವಿ ಕೋರ್ಟ್ 2024ರ ಜುಲೈನಲ್ಲಿ ರದ್ದು ಮಾಡಿತ್ತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು, ಅದು ಬೇರೆ ಮಾತು.

ಈ ಸಭೆಗಳಿಗೆ ಯಾರು ಬರುತ್ತಾರೆ? ಹೆಸರು ಬೇಡ, ಒಂದು ಕೌಂಟಿಯಲ್ಲಿ ಸಹೋದ್ಯೋಗಿಯ ಜೊತೆ ಹೋಗಿ ಹಿಂದೆ ಕೂತಿದ್ದೆ. ಸಭೆಯ ಸುದ್ದಿ ಊರಿಗೆ ಬಂದದ್ದು ಹಿಂದಿನ ಸಂಜೆ. ಬೆಳಿಗ್ಗೆ ಹತ್ತಕ್ಕೆ ಅಂದದ್ದು ಶುರುವಾದಾಗ ಒಂದು ಗಂಟೆ. ಹೆಂಗಸರೇ ಜಾಸ್ತಿ ಬಂದಿದ್ದರು, ಆದರೆ ಮೈಕು ಅವರ ಕಡೆ ಬರುವ ಹೊತ್ತಿಗೆ ಅರ್ಧ ಜನ ಎದ್ದು ಹೋಗಿದ್ದರು. ದನಕ್ಕೆ ನೀರು, ಮನೆಗೆ ಬರುವ ಮಕ್ಕಳು. ಬೋಡಾ ಬೋಡಾ, ಅಂದರೆ ಬಾಡಿಗೆ ಬೈಕು, ಓಡಿಸುವ ಹುಡುಗರು ಬೈಕಿನ ಮೇಲೆ ಕೂತೇ ಸ್ವಲ್ಪ ಹೊತ್ತು ನೋಡಿ, ಗಿರಾಕಿ ಸಿಕ್ಕ ಕೂಡಲೇ ಹೊರಟರು. ದಿನದ ದುಡಿಮೆ ಬಿಟ್ಟು ಬಜೆಟ್ ಕೇಳಿಸಿಕೊಳ್ಳಿ ಅಂತ ಯಾವ ಬಾಯಲ್ಲಿ ಹೇಳುವುದು? ಕೊನೆಗೆ ಹಾಜರಿ ಪುಸ್ತಕದಲ್ಲಿ ಮಾತ್ರ ಎಲ್ಲರ ಸಹಿ ಇತ್ತು.

ಇದೇ ಕೆಲಸ ಚೆನ್ನಾಗಿ ಆಗಬಹುದು ಅನ್ನುವುದಕ್ಕೆ ಮಕುವೇನಿ ಇದೆ. ನೈರೋಬಿಯಿಂದ ಮೊಂಬಾಸಾ ಕಡೆ ಹೋಗುವ ದಾರಿಯಲ್ಲಿ ಸಿಗುವ ಒಣ ಸೀಮೆ, ಮಾವಿನ ಹಣ್ಣಿಗೆ ಹೆಸರು. ಕಿವುಥಾ ಕಿಬ್ವಾನಾ 2013ರಿಂದ 2022ರವರೆಗೆ ಗವರ್ನರ್ ಆಗಿದ್ದಾಗ ಸಭೆಯನ್ನು ಹಳ್ಳಿಯಿಂದಲೇ ಶುರು ಮಾಡಿದರು. ಹಳ್ಳಿಯ ಜನ ಪಟ್ಟಿ ಮಾಡುತ್ತಾರೆ, ಅದು ಹಳ್ಳಿಗಳ ಗುಂಪಿಗೆ, ಅಲ್ಲಿಂದ ವಾರ್ಡಿಗೆ, ಮೇಲಕ್ಕೆ ಹೋಗುತ್ತದೆ. ಪ್ರತಿ ಮಟ್ಟದಲ್ಲೂ ಆರಿಸಿದ ಸಮಿತಿ, ಅದರಲ್ಲಿ ಹೆಂಗಸರು, ಯುವಕರು. ಕಾಮಗಾರಿ ನೋಡಿಕೊಳ್ಳಲು ಊರಿನವರದ್ದೇ ಇನ್ನೊಂದು ಸಮಿತಿ. ಅವರು ಸರಿಯಾಗಿದೆ ಅಂತ ಸಹಿ ಹಾಕದೆ ಗುತ್ತಿಗೆದಾರನ ಬಿಲ್ ಮುಂದಕ್ಕೆ ಹೋಗುವುದಿಲ್ಲ. ಬಿಲ್ಲಿನ ಮೇಲೆ ಸಹಿ ಹಾಕುವ ಅಧಿಕಾರ ಏನು ಅಂತ ನನ್ನಂಥವನಿಗೆ ಚೆನ್ನಾಗಿ ಗೊತ್ತು. ಮೈಕಿಗಿಂತ ಅದು ಎಷ್ಟೋ ದೊಡ್ಡದು.

ಟೆಂಡರಿನ ಮಾತೂ ಹೇಳಿಬಿಡುತ್ತೇನೆ. ಸರ್ಕಾರಿ ಖರೀದಿಯಲ್ಲಿ ಶೇ 30 ಹೆಂಗಸರು, ಯುವಕರು, ಅಂಗವಿಕಲರ ಕಂಪನಿಗಳಿಗೆ ಮೀಸಲು. ಒಳ್ಳೆಯದೇ. ಆದರೆ ಹೆಂಡತಿಯ ಹೆಸರಿನಲ್ಲಿ ಕಂಪನಿ ಮಾಡುವ ವಿದ್ಯೆ ನಮ್ಮವರಿಗೆ ಮಾತ್ರ ಗೊತ್ತಿರುವುದಲ್ಲ. ನಿಜವಾಗಿ ಹೆಂಗಸರೇ ನಡೆಸುವ ಸಣ್ಣ ಕಂಪನಿ ಬೆಂಚು, ಕುರ್ಚಿ ಕೊಟ್ಟು ಕೌಂಟಿಯ ದುಡ್ಡಿಗಾಗಿ ವರ್ಷಗಟ್ಟಲೆ ಕಾಯುವುದನ್ನೂ ನೋಡಿದ್ದೇನೆ. ಅಷ್ಟು ದಿನ ತಡೆದುಕೊಳ್ಳುವ ಶಕ್ತಿ ದೊಡ್ಡವರಿಗೆ ಮಾತ್ರ ಇರುತ್ತದೆ.

ನೀವು ಪ್ರಬಂಧಕ್ಕಾಗಿ ಕೇಳುತ್ತಿದ್ದೀರಿ ಅಂತ ಬರೆದಿದ್ದೀರಿ. ಅಸೆಂಬ್ಲಿಯಲ್ಲಿ ಒಟ್ಟು ಎಷ್ಟು ಹೆಂಗಸರು ಅನ್ನುವ ಅಂಕಿ ಹಿಡಿದು ಹೊರಟರೆ ಎಲ್ಲ ಕೌಂಟಿಯೂ ಒಂದೇ ತರ ಕಾಣುತ್ತದೆ. ವಾರ್ಡ್ ಗೆದ್ದವರು ಎಷ್ಟು ಅಂತ ನೋಡಿ. ಅವರಲ್ಲಿ ಮೊದಲು ನಾಮನಿರ್ದೇಶಿತರಾಗಿದ್ದವರು ಎಷ್ಟು ಅಂತಲೂ ಹುಡುಕಿ. ಮುಂದಿನ ಚುನಾವಣೆ 2027ರ ಆಗಸ್ಟಿನಲ್ಲಿ.

ನನ್ನನ್ನು ಸಭೆಗೆ ಕರೆದುಕೊಂಡು ಹೋದ ಸಹೋದ್ಯೋಗಿ ಅಂದೆನಲ್ಲ, ಅವರಿಗೆ ತಮ್ಮ ವಾರ್ಡಿನಲ್ಲಿ ನಿಲ್ಲುವ ಆಸೆ. ಊರಿನ ಚಾಮಾದಲ್ಲಿ, ಅಂದರೆ ನಮ್ಮ ಸ್ವಸಹಾಯ ಸಂಘದಂಥದ್ದರಲ್ಲಿ, ಹನ್ನೊಂದು ವರ್ಷದಿಂದ ಖಜಾಂಚಿ. ಒಂದು ಶಿಲ್ಲಿಂಗ್ ಆಚೀಚೆ ಆಗಿಲ್ಲ. ಚುನಾವಣಾ ಆಯೋಗಕ್ಕೆ ಕಟ್ಟುವ ಶುಲ್ಕ ಗಂಡಸರಿಗೆ 5,000 ಶಿಲ್ಲಿಂಗ್, ಹೆಂಗಸರಿಗೆ, ಯುವಕರಿಗೆ 2,500. ನಮ್ಮ ದುಡ್ಡಲ್ಲಿ ಎರಡು ಸಾವಿರ ರೂಪಾಯಿಯೂ ಆಗುವುದಿಲ್ಲ. ಮಿಕ್ಕ ಖರ್ಚು ಎಷ್ಟಾಗಬಹುದು ಅಂತ ಹೋದ ತಿಂಗಳು ನನ್ನ ಹತ್ತಿರ ಲೆಕ್ಕ ಹಾಕಿಸಿದರು. ಬಾಡಿಗೆ ಕಾರು, ಪೋಸ್ಟರ್, ಟೀ ಶರ್ಟ್, ಪ್ರತಿ ಮತಗಟ್ಟೆಗೂ ಒಬ್ಬ ಏಜೆಂಟ್, ಅವರಿಗೆ ಊಟ, ಸಾವಿನ ಮನೆ, ಮದುವೆ ಮನೆ, ಚರ್ಚಿನ ಹರಾಂಬೇ ಚಂದಾ. ಎರಡು ಪುಟ ತುಂಬಿತು. ಮೊತ್ತ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಟೀ ಶರ್ಟಿನ ಸಾಲು ಹೊಡೆದುಹಾಕಿ, ಈಗ ಕೂಡಿಸು ಅಂದರು.