ಆರ್ಕೆಸ್ಟ್ರಾ ಬಿಟ್ಟು ದೇವರ ಸೇವೆಗೆ ಮಾತ್ರ ಹಾಡಬೇಕೆಂದರೆ ಏನು ಮಾಡಬೇಕು?

ಚಿಂತಾಮಣಿ, ಮುಳಬಾಗಿಲು ಕಡೆ ವೇದಿಕೆಯಲ್ಲಿ ಹೆಸರು ಮಾಡಿದ ಗಾಯಕರು ಭಜನೆಗೆ ಇಳಿಯುವುದು ಹೇಗೆ ಎಂದು ಕೇಳಿದ್ದೀರಿ.

ಮೊದಲು ಲೆಕ್ಕ ತೀರಿಸಿ. ಅಡ್ವಾನ್ಸ್ ಪಡೆದ ಕಾರ್ಯಕ್ರಮಗಳನ್ನು ಮುಗಿಸಿಕೊಡಿ, ಇಲ್ಲವೇ ದುಡ್ಡು ವಾಪಸ್ ಕೊಡಿ. ಮನೆ ಖರ್ಚಿಗೆ ಪಾಠವೋ ಬೇರೆ ಕೆಲಸವೋ ಇರಲಿ. ಸೇವೆಯನ್ನೇ ಸಂಪಾದನೆ ಮಾಡಿಕೊಂಡರೆ ಸಂಭಾವನೆಯ ಚೌಕಾಸಿ ಮತ್ತೆ ಶುರುವಾಗುತ್ತದೆ. ಚಿಂತಾಮಣಿ ಬಳಿಯ ಕೈವಾರದ ಸಂತಕವಿ ತಾತಯ್ಯನವರೂ (ಯೋಗಿ ನಾರೇಯಣರು) ಬಳೆ ಮಾರುತ್ತಿದ್ದವರೇ.

ನಿಜವಾದ ಕಷ್ಟ ಹಾಡುವುದರಲ್ಲಿದೆ. ಭಜನೆಯಲ್ಲಿ ಶ್ರುತಿ ನಿಮ್ಮ ಗಂಟಲಿಗಲ್ಲ, ಹಿಂದೆ ಹೇಳುವವರ ಗಂಟಲಿಗೆ ಹೊಂದಬೇಕು: ಗಂಡಸರೇ ಹೆಚ್ಚಿದ್ದರೆ ಹಾರ್ಮೋನಿಯಂನ ಒಂದು, ಎರಡನೇ ಮನೆ, ಹೆಂಗಸರೇ ಹೆಚ್ಚಿದ್ದರೆ ಐದರ ಆಸುಪಾಸು. ಸಾಲು ಚಿಕ್ಕದಾಗಿ ಒಡೆದು ಹೇಳಿಕೊಡಿ, ಎರಡನೇ ಸಲವೂ ಅದೇ ಧಾಟಿ ಇರಲಿ. ವೇದಿಕೆಯ ಅಭ್ಯಾಸದಿಂದ ಪ್ರತಿ ಸಲ ಹೊಸ ಸಂಗತಿ (ಅದೇ ಸಾಲಿಗೆ ಬೇರೆ ಬಗೆಯ ಧಾಟಿ) ಹಾಕಿದರೆ ಜನ ಬಾಯಿ ಮುಚ್ಚಿ ಕೇಳುತ್ತಾ ಕೂರುತ್ತಾರೆ. ಅಲ್ಲಿಗೆ ಅದು ಸಂಗೀತ ಕಚೇರಿಯೇ. ತಾಳ ತಟ್ಟುವವರು ವೇಗ ಹೆಚ್ಚಿಸುತ್ತಾ ಓಡುವುದು ಸಹಜ, ನೀವೂ ಜೊತೆಗೆ ಓಡಬೇಡಿ.

ಪದಗಳಿಗೆ ದೂರ ಹೋಗಬೇಕಿಲ್ಲ. ತಾತಯ್ಯನವರ ಕೀರ್ತನೆಗಳು ತೆಲುಗು, ಕನ್ನಡ ಎರಡರಲ್ಲೂ ಇವೆ. ಮುಳಬಾಗಿಲಿನ ಹರಿದಾಸ ಶ್ರೀಪಾದರಾಜರು ಮಠದ ಪೀಠಾಧಿಪತಿಯಾಗಿದ್ದೂ ಕನ್ನಡದಲ್ಲೇ ‘ರಂಗವಿಠಲ’ ಅಂಕಿತದಲ್ಲಿ ಹಾಡು ಕಟ್ಟಿದರು. ಅಂಕಿತದ ಸಾಲನ್ನು ನುಂಗಬೇಡಿ.

ಗುರುಪೂರ್ಣಿಮೆಗೆ ಕೈವಾರದಲ್ಲಿ 72 ಗಂಟೆ ನಿರಂತರ ಸಂಗೀತ ನಡೆಯುತ್ತದೆ. ನಡುರಾತ್ರಿಯ ಸರದಿಯನ್ನೇ ಕೇಳಿ ನೋಡಿ. ಕ್ಯಾಮೆರಾ, ಕಿಕ್ಕಿರಿದ ಜನ ಇಲ್ಲದೆಯೂ ಹಾಡಬಲ್ಲಿರಾ ಎಂಬುದು ತಿಳಿಯುತ್ತದೆ.