ಹಾರುವಾಗ ಎಂಜಿನ್ ಕೆಟ್ಟರೆ ಏನಾಗುತ್ತದೆ? ಗೋ ಫಸ್ಟ್ ಮುಚ್ಚಿದ್ದು ಎಂಜಿನ್‌ನಿಂದಲೇ? ಪ್ರಯಾಣಿಕರಿಗೆ ಏನು ಸಿಗುತ್ತದೆ?

ನೀವು ಒಂದೇ ಉಸಿರಿನಲ್ಲಿ ಮೂರು ವಿಷಯ ಕೇಳಿದ್ದೀರಿ. ಹಾರುವಾಗ ಎಂಜಿನ್ ಕೆಟ್ಟರೆ ಅಪಾಯವೆಷ್ಟು, ಗೋ ಫಸ್ಟ್ ವಿಮಾನ ಕಂಪನಿ ಎಂಜಿನ್ ಕಾರಣಕ್ಕೇ ಮುಳುಗಿತೇ, ವಿಮಾನ ರದ್ದಾದರೆ ನಮಗೆ ಏನು ಸಿಗುತ್ತದೆ. ಮೊದಲನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ನಿಜವಾದ ತೊಂದರೆ ಇರುವುದು ಉಳಿದೆರಡರಲ್ಲಿ.

ಒಂದೇ ಎಂಜಿನ್‌ನಲ್ಲಿ ಮೇಲೇರಬಲ್ಲದು ಎಂದು ಸಾಬೀತು ಮಾಡದ ಯಾವ ಎರಡು ಎಂಜಿನ್‌ನ ಪ್ರಯಾಣಿಕ ವಿಮಾನಕ್ಕೂ ಪರವಾನಗಿ ಸಿಗುವುದಿಲ್ಲ. ಚಕ್ರಗಳು ಒಳಸೇರಿದ ಮೇಲೆ ಕನಿಷ್ಠ ಶೇ. 2.4 ಏರಿಕೆ ಇರಲೇಬೇಕು, ಅಂದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ 2.4 ಮೀಟರ್ ಮೇಲೆ. ಟೇಕಾಫ್ ಓಟದಲ್ಲಿ ವಿ1 ಎಂಬ ವೇಗ (ಅದಾದ ಮೇಲೆ ರನ್‌ವೇಯೊಳಗೆ ಸುರಕ್ಷಿತವಾಗಿ ನಿಲ್ಲಿಸಲಾಗದು) ದಾಟಿದ ನಂತರ ಎಂಜಿನ್ ಕೈಕೊಟ್ಟರೆ ಪೈಲಟ್ ಬ್ರೇಕ್ ಹಾಕುವುದಿಲ್ಲ, ಹಾರಿಸಿಬಿಡುತ್ತಾರೆ. ಸುಮಾರು 400 ಅಡಿ ಏರುವವರೆಗೆ ವಿಮಾನವನ್ನು ಓರೆಯಾಗದಂತೆ ಹಿಡಿದುಕೊಳ್ಳುವುದೇ ಕೆಲಸ. ಆಮೇಲೆ ಯಾವ ಎಂಜಿನ್ ಎಂದು ಇಬ್ಬರೂ ಬಾಯಿಬಿಟ್ಟು ಹೇಳಿ ಖಚಿತ ಮಾಡಿಕೊಂಡು, ಅದರ ಥ್ರಸ್ಟ್ ಲಿವರ್ ಹಿಂದಕ್ಕೆ ತಂದು, ಮಾಸ್ಟರ್ ಸ್ವಿಚ್ ಆಫ್ ಮಾಡುತ್ತಾರೆ. ಬೆಂಕಿಯ ಅಥವಾ ದೊಡ್ಡ ಹಾನಿಯ ಲಕ್ಷಣವಿದ್ದರೆ ಫೈರ್ ಬಟನ್ ಒತ್ತುತ್ತಾರೆ, ಅದರಿಂದ ಆ ಎಂಜಿನ್‌ಗೆ ಇಂಧನ ಹೋಗುವುದು ನಿಲ್ಲುತ್ತದೆ. ಒಳಗೆ ಕೂತವರಿಗೆ ಒಂದು ದೊಡ್ಡ ಸದ್ದು, ಸೀಟಿನಲ್ಲಿ ನಡುಕ, ಕೆಲವೊಮ್ಮೆ ಸುಟ್ಟ ವಾಸನೆ. ಹೆದರಿಕೆ ಆಗುವುದು ಸಹಜ, ಆದರೆ ಪ್ರತಿ ಪೈಲಟ್ ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡುವುದು ಇದನ್ನೇ.

ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಲಿ. ಮುಂದಿನ ಫ್ಯಾನಿನ ಅಲಗು ಮುರಿದರೆ ಸುತ್ತಲಿನ ಕವಚ ಅದನ್ನು ತಡೆಯಲೇಬೇಕು. ಹೊಸ ಎಂಜಿನ್‌ಗೆ ಮಾನ್ಯತೆ ಕೊಡುವ ಮೊದಲು ಓಡುತ್ತಿರುವಾಗಲೇ ಒಂದು ಅಲಗನ್ನು ಬೇಕೆಂದೇ ಕಳಚಿ ಇದನ್ನು ಪರೀಕ್ಷಿಸುತ್ತಾರೆ. ಆದರೆ ಟರ್ಬೈನ್ ಅಲಗುಗಳನ್ನು ಹಿಡಿದಿರುವ ಡಿಸ್ಕ್ ಒಡೆದರೆ ಅದನ್ನು ತಡೆಯುವ ಕವಚವಿಲ್ಲ. ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತಿನ ಆಸುಪಾಸು ತಿರುಗುವ ಲೋಹದ ತುಂಡು ರೆಕ್ಕೆ, ಇಂಧನ ಟ್ಯಾಂಕ್, ಕ್ಯಾಬಿನ್ ಯಾವುದನ್ನಾದರೂ ಸೀಳಬಹುದು. ಹಾಗಾಗಿ ಡಿಸ್ಕ್‌ನಲ್ಲಿ ದೋಷದ ಅನುಮಾನ ಬಂದರೆ 'ನೋಡೋಣ' ಎನ್ನುವಂತಿಲ್ಲ, ವಿಮಾನ ನಿಲ್ಲಿಸಲೇಬೇಕು.

ಏರ್‌ಬಸ್‌ನ ಎ320 ನಿಯೋ ವಿಮಾನಗಳ ಪ್ರ್ಯಾಟ್ ಅಂಡ್ ವಿಟ್ನಿ ಪಿಡಬ್ಲ್ಯೂ1100ಜಿ ಎಂಜಿನ್‌ನಲ್ಲಿ ಆದದ್ದು ಇದೇ. ಇದರ ಡಿಸ್ಕ್‌ಗಳನ್ನು ನಿಕಲ್ ಮಿಶ್ರಲೋಹದ ಪುಡಿಯಿಂದ ಮಾಡುತ್ತಾರೆ. ಕರಗಿದ ಲೋಹವನ್ನು ಸಣ್ಣ ಕಣಗಳಾಗಿ ಸಿಂಪಡಿಸಿ, ಆ ಪುಡಿಯನ್ನು ಭಾರಿ ಒತ್ತಡ ಮತ್ತು ಶಾಖದಲ್ಲಿ ಗಟ್ಟಿ ಮಾಡಿ, ಬಡಿದು ಆಕಾರ ಕೊಡುತ್ತಾರೆ. ಹಿಟ್ಟಿನಲ್ಲಿ ಒಂದು ಕಲ್ಲು ಉಳಿದರೆ ರೊಟ್ಟಿ ಹರಿಯುವುದು ಅಲ್ಲಿಂದಲೇ. ಹಾಗೆಯೇ ಪುಡಿಯಲ್ಲಿ ಸೇರಿದ ಕಣ್ಣಿಗೆ ಕಾಣದ ಕಲ್ಮಶದಿಂದ ಬಿರುಕು ಹುಟ್ಟಿ, ಪ್ರತಿ ಟೇಕಾಫ್‌ನಲ್ಲೂ ಸ್ವಲ್ಪ ಸ್ವಲ್ಪ ಬೆಳೆಯುತ್ತದೆ. ಮಾರ್ಚ್ 2020ರಲ್ಲಿ ವಿಯೆಟ್ನಾಂ ಏರ್‌ಲೈನ್ಸ್‌ನ ಎ321 ಒಂದರಲ್ಲಿ ಪ್ರ್ಯಾಟ್ ಪಾಲುದಾರಿಕೆಯ ಹಳೆಯ ವಿ2500 ಎಂಜಿನ್‌ನ ಡಿಸ್ಕ್ ಒಡೆದಾಗ ತನಿಖೆ ಶುರುವಾಯಿತು. ಡಿಸೆಂಬರ್ 2022ರಲ್ಲಿ ನಿಯೋ ವಿಮಾನವೊಂದರ ಎಂಜಿನ್‌ನಲ್ಲೂ ಕಂಪ್ರೆಸರ್ ರೋಟರ್ ಒಡೆಯಿತು. ಕೊನೆಗೆ ಜುಲೈ 2023ರಲ್ಲಿ ಮಾತೃ ಕಂಪನಿ ಆರ್‌ಟಿಎಕ್ಸ್, 2015ರ ಕೊನೆಯಿಂದ 2021ರವರೆಗೆ ತಯಾರಾದ ಭಾಗಗಳಲ್ಲಿ ಈ ದೋಷ ಇರಬಹುದೆಂದು ಒಪ್ಪಿಕೊಂಡಿತು. ಗೇರ್‌ಬಾಕ್ಸ್ ಇರುವ ಹೊಸ ವಿನ್ಯಾಸವೇ ಕೆಟ್ಟದ್ದು ಎಂದು ಹಲವರು ಹೇಳುತ್ತಾರೆ, ಅದು ತಪ್ಪು. ಇಲ್ಲಿ ಹೇಳಿದ ಯಾವ ದೋಷವೂ ಫ್ಯಾನ್ ತಿರುಗಿಸುವ ಆ ಗೇರ್‌ಬಾಕ್ಸ್‌ನದಲ್ಲ.

ಈ ಬಿರುಕನ್ನು ಹುಡುಕಲು ಅಲ್ಟ್ರಾಸೌಂಡ್ ಪರೀಕ್ಷೆ ಬೇಕು. ಪರೀಕ್ಷೆಗಿಂತ ಡಿಸ್ಕ್ ಹೊರತೆಗೆಯುವುದೇ ದೊಡ್ಡ ಕೆಲಸ. ರೆಕ್ಕೆಯಿಂದ ಎಂಜಿನ್ ಇಳಿಸಿ, ಶಾಪ್‌ಗೆ ಕಳಿಸಿ, ಮಧ್ಯದ ಕೋರ್‌ವರೆಗೆ ಪೂರ್ತಿ ಬಿಚ್ಚಬೇಕು. ಒಮ್ಮೆ ಬಿಚ್ಚಿದ ಮೇಲೆ ಸವೆದ ಬೇರೆ ಭಾಗಗಳನ್ನೂ ಬದಲಿಸಬೇಕು, ಆ ಭಾಗಗಳು ಬೇಗ ಸಿಗುವುದಿಲ್ಲ. ಸೆಪ್ಟೆಂಬರ್ 2023ರಲ್ಲಿ ಕಂಪನಿಯೇ ಕೊಟ್ಟ ಅಂದಾಜಿನಂತೆ ಒಂದು ಎಂಜಿನ್ ಇಳಿಸಿ ಮತ್ತೆ ಏರಿಸಲು 250ರಿಂದ 300 ದಿನ. ಸ್ಪೇರ್ ಎಂಜಿನ್ ಕೈಯಲ್ಲಿದ್ದರೆ ಬದಲಿಸುವ ಕೆಲಸ ಹೆಚ್ಚೆಂದರೆ ಒಂದೆರಡು ದಿನದ್ದು. ಮಿಕ್ಕ ಕಾಲವೆಲ್ಲ ಸರದಿಯಲ್ಲಿ ಕಾಯುವುದರಲ್ಲೇ ಹೋಗುತ್ತದೆ. ವಿಮಾನ ನಿಲ್ದಾಣದ ಮೂಲೆಯಲ್ಲಿ ಎಂಜಿನ್ ಇಲ್ಲದ ನಿಯೋ ನಿಂತಿದ್ದರೆ ರೆಕ್ಕೆಯ ಕೆಳಗೆ ಗಮನಿಸಿ. ಹೆಚ್ಚುಕಡಿಮೆ ಮೂರು ಟನ್‌ನ ಎಂಜಿನ್ ಇದ್ದ ಜಾಗದಲ್ಲಿ, ಗಾಳಿಗೆ ವಿಮಾನದ ಸಮತೋಲ ತಪ್ಪದಿರಲೆಂದು, ಭಾರದ ತುಂಡು ತೂಗುಹಾಕಿರುತ್ತಾರೆ. ಆ ವಿಮಾನದ ಎಂಜಿನ್ ಇನ್ನೊಂದರ ರೆಕ್ಕೆಗೆ ಹೋಗಿರಬಹುದು.

ಭಾರತಕ್ಕೆ ಈ ಎಂಜಿನ್‌ನ ಕಾಟ ಹೊಸದಲ್ಲ. ಮಾರ್ಚ್ 2018ರಲ್ಲಿ ಸೀಲ್ ದೋಷಕ್ಕಾಗಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 11 ವಿಮಾನಗಳನ್ನು ನಿಲ್ಲಿಸಿತು, ಎಂಟು ಇಂಡಿಗೋದವು, ಮೂರು ಗೋಏರ್‌ನವು (ಗೋ ಫಸ್ಟ್‌ನ ಆಗಿನ ಹೆಸರು). 2019ರಲ್ಲಿ ಲೋ ಪ್ರೆಷರ್ ಟರ್ಬೈನ್‌ನ ಮೂರನೇ ಹಂತದ ಅಲಗುಗಳು ಮುರಿಯತೊಡಗಿದವು. ನವೆಂಬರ್ 1ರಂದು ಡಿಜಿಸಿಎ, 97 ನಿಯೋ ವಿಮಾನಗಳ ಎರಡೂ ಎಂಜಿನ್ ಬದಲಿಸಿ ಎಂದು ಇಂಡಿಗೋಗೆ ಹೇಳಿತು. ಜನವರಿ 2020ರ ಗಡುವು ಆಗಸ್ಟ್‌ವರೆಗೆ ಜಾರಿತು, ಆದರೆ ಆ ಕಟ್ಟುನಿಟ್ಟು ಸರಿಯಾಗಿಯೇ ಇತ್ತು ಎಂದು ನನ್ನ ಅಭಿಪ್ರಾಯ. ಒಂದೇ ದೋಷ ಎರಡೂ ಎಂಜಿನ್‌ನಲ್ಲಿದ್ದರೆ, 'ಒಂದು ಹೋದರೂ ಇನ್ನೊಂದಿದೆ' ಎಂಬ ಭರವಸೆಯ ಬುಡವೇ ಅಲುಗಾಡುತ್ತದೆ.

ಈಗ ಗೋ ಫಸ್ಟ್. ನಿಂತ ವಿಮಾನಕ್ಕೂ ಲೀಸ್ ಬಾಡಿಗೆ, ಪಾರ್ಕಿಂಗ್, ಸಿಬ್ಬಂದಿ ಸಂಬಳ ತಪ್ಪುವುದಿಲ್ಲ, ಟಿಕೆಟ್ ಹಣ ಮಾತ್ರ ಬರುವುದಿಲ್ಲ. ಕಂಪನಿಯ ಬಹುತೇಕ ವಿಮಾನಗಳು ನಿಯೋಗಳೇ, ಎಲ್ಲದಕ್ಕೂ ಇದೇ ಎಂಜಿನ್. ಡಿಸೆಂಬರ್ 2019ರಲ್ಲಿ ಶೇ. 7 ಇದ್ದ ನಿಂತ ವಿಮಾನಗಳ ಪ್ರಮಾಣ ಡಿಸೆಂಬರ್ 2022ಕ್ಕೆ ಶೇ. 50 ಆಯಿತು ಎಂದು ಅದೇ ಹೇಳಿತ್ತು. ಸ್ಪೇರ್ ಎಂಜಿನ್ ಕೊಡಬೇಕೆಂದು ಸಿಂಗಪುರದ ಮಧ್ಯಸ್ಥಿಕೆಯಲ್ಲಿ ಆದೇಶವನ್ನೂ ಪಡೆಯಿತು. ಹಣ ಕೊಡಬೇಕಾದ ಕಡೆ ಗೋ ಫಸ್ಟ್ ಹಿಂದಿನಿಂದಲೂ ಬಾಕಿ ಉಳಿಸಿಕೊಂಡಿದೆ ಎಂಬುದು ಪ್ರ್ಯಾಟ್ ವಾದ. ಮೇ 2, 2023ರಂದು ಗೋ ಫಸ್ಟ್ ತಾನಾಗಿಯೇ ದಿವಾಳಿ ಅರ್ಜಿ ಹಾಕಿತು, ಮರುದಿನದಿಂದ ಹಾರಾಟ ನಿಂತಿತು, ಜನವರಿ 2025ರಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿ ಎನ್‌ಸಿಎಲ್‌ಟಿ ಅದರ ಸಮಾಪನಕ್ಕೆ, ಅಂದರೆ ಆಸ್ತಿ ಮಾರಿ ಮುಚ್ಚುವುದಕ್ಕೆ, ಆದೇಶ ಕೊಟ್ಟಿತು. ಒಂದು ಸೂಕ್ಷ್ಮ ಇಲ್ಲಿದೆ: ಡಿಸ್ಕ್ ದೋಷ ಬಹಿರಂಗವಾದದ್ದು ಗೋ ಫಸ್ಟ್ ನಿಂತ ಎರಡು ತಿಂಗಳ ಮೇಲೆ. ಅದನ್ನು ಕೆಡವಿದ್ದು ಹಿಂದಿನ ದೋಷಗಳು, ಸ್ಪೇರ್ ಎಂಜಿನ್ ಕೊರತೆ ಮತ್ತು ತೆಳುವಾದ ಕೈಗಾಸು. ಇಂಡಿಗೋದ 70ಕ್ಕೂ ಹೆಚ್ಚು ವಿಮಾನಗಳು 2024ರ ಆರಂಭದಲ್ಲಿ ನಿಂತಿದ್ದವು, ಆದರೂ ಅದು ಉಳಿಯಿತು. 2019ರಲ್ಲೇ ಮುಂದಿನ 280 ವಿಮಾನಗಳಿಗೆ ಸಿಎಫ್‌ಎಂ ಲೀಪ್ ಎಂಜಿನ್ ಆರಿಸಿಕೊಂಡಿತ್ತು, ಹಳೆಯ ವಿಮಾನಗಳ ಲೀಸ್ ಮುಂದುವರಿಸಿತು, ಬೇರೆ ಕಂಪನಿಗಳ ವಿಮಾನಗಳನ್ನು ಸಿಬ್ಬಂದಿ ಸಮೇತ ಬಾಡಿಗೆಗೆ ತಂದಿತು. ಒಂದೇ ಎಂಜಿನ್‌ನ ಮೇಲೆ ಇಡೀ ಕಂಪನಿ ಕಟ್ಟುವುದು ಎಷ್ಟು ಅಪಾಯ ಎಂಬುದು ಇವೆರಡನ್ನು ಅಕ್ಕಪಕ್ಕ ಇಟ್ಟರೆ ಕಾಣುತ್ತದೆ.

ನಿಮ್ಮ ಹಕ್ಕಿನ ವಿಷಯ. ಡಿಜಿಸಿಎ ನಿಯಮದಂತೆ ರದ್ದತಿಯನ್ನು ಕನಿಷ್ಠ 24 ಗಂಟೆ ಮೊದಲು ತಿಳಿಸಿದ್ದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ ವಾಪಸ್, ಅಷ್ಟೇ. ಹಾಗೆ ತಿಳಿಸದಿದ್ದರೆ ನಿಮಗೆ ಒಪ್ಪುವ ಬದಲಿ ವಿಮಾನ, ಇಲ್ಲವೇ ಹಣ ವಾಪಸಿನ ಜೊತೆ ಪರಿಹಾರ: ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000, ಎರಡು ಗಂಟೆಯೊಳಗಿನದಕ್ಕೆ 7,500, ಅದಕ್ಕೂ ಹೆಚ್ಚಿನದಕ್ಕೆ 10,000 ರೂಪಾಯಿ. ನೀವು ಕೊಟ್ಟ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ ಇದಕ್ಕಿಂತ ಕಡಿಮೆಯಿದ್ದರೆ ಅಷ್ಟು ಮಾತ್ರ. ಬದಲಿ ವಿಮಾನ ಒಪ್ಪಿಕೊಂಡರೆ ಪರಿಹಾರ ಕೇಳುವಂತಿಲ್ಲ. ಕೇವಲ ತಡವಾದರೆ ನಗದು ಪರಿಹಾರವಿಲ್ಲ. ಹೊತ್ತಿಗೆ ತಕ್ಕಂತೆ ಊಟ-ತಿಂಡಿ, 24 ಗಂಟೆ ಮೀರಿದರೆ ಹೋಟೆಲ್. ರಾತ್ರಿ 8ರಿಂದ ಬೆಳಗಿನ ಜಾವ 3ರೊಳಗೆ ಹೊರಡಬೇಕಾದ ವಿಮಾನವಾದರೆ ಆರು ಗಂಟೆ ಮೀರಿದರೇ ಹೋಟೆಲ್ ಕೊಡಬೇಕು. ವಿನಾಯಿತಿಯ ಪಟ್ಟಿಯಲ್ಲಿ ತಾಂತ್ರಿಕ ದೋಷದ ಹೆಸರಿಲ್ಲ, 'ವಿಮಾನಕ್ಕೆ ಸಂಬಂಧಿಸಿದ ಸರ್ಕಾರಿ ಆದೇಶ' ಇದೆ. ಹಾಗಾಗಿ ಡಿಜಿಸಿಎ ನಿಲ್ಲಿಸಿದ ವಿಮಾನವಾದರೆ ಕಂಪನಿ ಅದನ್ನೇ ಮುಂದಿಡಬಹುದು. ಕಾರಣವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಸರ್ಕಾರದ ದೂರು ಪೋರ್ಟಲ್ ಏರ್‌ಸೇವಾದಲ್ಲಿ ದೂರು ಹಾಕುವಾಗ ಅದು ಬೇಕಾಗುತ್ತದೆ.

ಏಜೆಂಟ್ ಮೂಲಕ ಬುಕ್ ಮಾಡಿದರೆ ಟಿಕೆಟ್‌ನಲ್ಲಿ ನಿಮ್ಮದೇ ಮೊಬೈಲ್ ನಂಬರ್ ಇದೆಯೇ ನೋಡಿ. ಸಂಪರ್ಕದ ವಿವರ ಸರಿಯಿಲ್ಲದಿದ್ದರೆ ಪರಿಹಾರ ಕೊಡಬೇಕಿಲ್ಲ ಎಂದು ನಿಯಮವೇ ಹೇಳುತ್ತದೆ. ಕಂಪನಿಯ ಹಣಕಾಸಿನ ಬಗ್ಗೆ ಅನುಮಾನವಿದ್ದರೆ ಕ್ರೆಡಿಟ್ ಕಾರ್ಡ್‌ನಲ್ಲೇ ಪಾವತಿಸಿ. ದಿವಾಳಿ ಪ್ರಕ್ರಿಯೆ ಶುರುವಾದ ಮೇಲೆ ಟಿಕೆಟ್ ಹಣಕ್ಕಾಗಿ ನೀವೂ ಹಣ ಬರಬೇಕಾದವರ ಸಾಲಿನಲ್ಲಿ, ಬ್ಯಾಂಕುಗಳ ಹಿಂದೆ ನಿಂತು ಕ್ಲೇಮ್ ಸಲ್ಲಿಸಬೇಕಾಗುತ್ತದೆ. ಕಾರ್ಡ್ ಇದ್ದರೆ 'ಸೇವೆ ಸಿಕ್ಕಿಲ್ಲ' ಎಂದು ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ (ಪಾವತಿಸಿದ ಹಣ ಬ್ಯಾಂಕ್ ಮೂಲಕ ವಾಪಸ್) ಕೇಳಬಹುದು, ಅದಕ್ಕೆ ಗಡುವು ಇರುತ್ತದೆ, ಬೇಗ ಕೇಳಿ. ಅಕ್ಟೋಬರ್ 2023ರಿಂದ ಕಂಪನಿಯ ಬಳಿ ಇರುವ ಆಸ್ತಿಯನ್ನು ಯಾರೂ ಒಯ್ಯದಂತೆ ತಡೆಯುವ ದಿವಾಳಿ ಕಾನೂನಿನ ತಡೆಯಾಜ್ಞೆ ವಿಮಾನಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಮುಂದೆ ಯಾವುದೇ ಕಂಪನಿ ಬಿದ್ದರೆ ಲೀಸ್ ಕೊಟ್ಟವರು ವಿಮಾನಗಳನ್ನು ಬೇಗನೆ ಒಯ್ಯುತ್ತಾರೆ. 'ಮುಂದಿನ ವಾರದಿಂದ ಹಾರಾಟ ಮತ್ತೆ ಶುರು' ಎಂಬ ಪ್ರಕಟಣೆ ನಂಬಿ ಕಾಯಬೇಡಿ, ರದ್ದಾದ ದಿನವೇ ಹಣ ವಾಪಸ್ ಕೇಳಿ.