ಹಕ್ಕಿ ಫೋಟೋಗೆ ಹಳೆಯ ಪ್ರೊ ಕ್ಯಾಮೆರಾ ತೆಗೆದುಕೊಳ್ಳಲಾ, ಹೊಸ ಸಾದಾ ಕ್ಯಾಮೆರಾನಾ? ಪುಣೆಯಲ್ಲಿದ್ದೇನೆ, ವಾರಾಂತ್ಯಕ್ಕೆ ಭಿಗ್ವಣಕ್ಕೆ ಹೋಗ್ತೀನಿ.

ಹಾರುವ ಹಕ್ಕಿ ಬೇಕಿದ್ದರೆ ಹಳೆಯ ಪ್ರೊ ಕ್ಯಾಮೆರಾನೇ ತೆಗೆದುಕೊಳ್ಳಿ. ಉಳಿದ ದುಡ್ಡನ್ನು ಲೆನ್ಸಿಗೆ ಹಾಕಿ.

ಕಾರಣ ಫೋಕಸ್. ಭಿಗ್ವಣದ ಉಜನಿ ಹಿನ್ನೀರಿನ ಮೇಲೆ ಹಾರುವ ರೀವ (ಟರ್ನ್) ಹಕ್ಕಿ ಇದ್ದಕ್ಕಿದ್ದಂತೆ ತಿರುಗಿ ನೀರಿಗೆ ಧುಮುಕುತ್ತದೆ. ಅದರ ದೂರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಹಾಗಾಗಿ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೊಸದಾಗಿ ಫೋಕಸ್ ಹಿಡಿಯಬೇಕು. 2016ರ ನಿಕಾನ್ ಡಿ500ರಲ್ಲಿ 153 ಫೋಕಸ್ ಬಿಂದುಗಳಿವೆ, ಸೆಕೆಂಡಿಗೆ 10 ಚಿತ್ರ ತೆಗೆಯುತ್ತದೆ. ಎರಡು ವರ್ಷ ಆಮೇಲೆ ಬಂದ ಸಾದಾ ಕ್ಯಾಮೆರಾ ಡಿ3500ರಲ್ಲಿ ಬಿಂದು 11, ಚಿತ್ರ 5 ಅಷ್ಟೇ. ಹೊಸದು ಅಂದರೆ ಚುರುಕು ಅಂತೇನಿಲ್ಲ, ಅಲ್ವಾ? ಸುಮ್ಮನೆ ನಿಂತ ರಾಜಹಂಸಕ್ಕಾದರೆ ಯಾವುದಾದರೂ ನಡೆಯುತ್ತದೆ.

ಒಂದು ವಿನಾಯಿತಿ ಇದೆ. ಕ್ಯಾನನ್ ಆರ್10ನಂಥ, ಒಳಗೆ ಕನ್ನಡಿ ಇಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನೇ ಗುರುತಿಸಿ ಫೋಕಸ್ ಮಾಡುತ್ತವೆ. ಅಷ್ಟು ಬಜೆಟ್ ಇದ್ದು, ಲೆನ್ಸಿಗೂ ದುಡ್ಡು ಉಳಿದರೆ ಹೊಸದೇ ಇರಲಿ.

ಮುಂಬೈನ ಬೋರಾ ಬಜಾರಿನಲ್ಲಿ ಹಳೆಯದನ್ನು ಕೊಳ್ಳುವಾಗ ಶಟರ್ (ಪ್ರತಿ ಚಿತ್ರಕ್ಕೂ ತೆರೆದು ಮುಚ್ಚುವ ಪರದೆ) ಎಷ್ಟು ಸಲ ಬಡಿದಿದೆ ಅಂತ ಕೇಳಿ. ಡಿ500ರ ಶಟರನ್ನು 2 ಲಕ್ಷ ಸಲಕ್ಕೆ ಪರೀಕ್ಷಿಸಿರುತ್ತಾರೆ. ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡುವುದನ್ನಂತೂ ಮರೆಯಬೇಡಿ. ಕರಾವಳಿಯ ತೇವಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ.